ಮಣಿಯುವ ರೆಕ್ಕೆ, ಓಡುವ ರಥ: ಒಂದು ವಾಯುಪಾಠ

ಆಷಾಢಮಾಸದ ಗಾಳಿ ನಮ್ಮ ಸೀಮೆಯವರಿಗೆ ಅಪರಿಚಿತವಾದುದಲ್ಲ. ಕೊಡಗಿನ ಬೆಟ್ಟಗಳ ಕಡೆಯಿಂದ ಇಳಿದು, ಪಿರಿಯಾಪಟ್ಟಣದ ಬಯಲನ್ನು ಹಾದು, ಹುಣಸೂರಿನ ಹೊಗೆಸೊಪ್ಪಿನ ಹೊಲಗಳ ಮೇಲೆ ಬೀಸಿಹೋಗುವ ಆ ಗಾಳಿಗೆ ಎದುರಾಗಿ ಕೊಡೆ ಹಿಡಿದು ನಡೆದವರಿಗೆಲ್ಲ ಒಂದು ಪಾಠ ತಾನಾಗಿಯೇ ಆಗಿರುತ್ತದೆ. ಕೊಡೆಯ ಬಟ್ಟೆಯನ್ನು ಗಾಳಿಗೆ ಇದಿರಾಗಿ ಒಡ್ಡಿದರೆ ಅದು ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ವಾಲಿಸಿದರೆ ಮೇಲಕ್ಕೆ ಸೆಳೆಯುತ್ತದೆ. ಮಡಿಚಿ ಕಂಕುಳಲ್ಲಿಟ್ಟುಕೊಂಡರೆ ಗಾಳಿ ನಮ್ಮ ಗೊಡವೆಗೆ ಬಾರದೆ ಹೊರಟುಹೋಗುತ್ತದೆ. ಗಾಳಿ ಅದೇ, ಕೊಡೆ ಅದೇ, ಹಿಡಿದ ಕೈಯೂ ಅದೇ. ಬದಲಾದುದು ಕೊಡೆಯ ಓರೆಯೊಂದೇ. ಈ ಓರೆಯ ಮಹಿಮೆಯನ್ನೇ ಆಧಾರವಾಗಿ ಇಟ್ಟುಕೊಂಡು ಪಂದ್ಯದ ಮೋಟಾರು ವಾಹನಗಳಿಗೆ ರೆಕ್ಕೆ ಕಟ್ಟಿದ ಜಾಣ್ಮೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಕನ್ನಡ ಪಂಡಿತನಿಗೆ ಮೋಟಾರು ಪಂದ್ಯದ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಕಾರಣನಾದವನು ನಮ್ಮ ಶ್ರೀಮಠದ ಶಾಲೆಯ ಒಂಬತ್ತನೆಯ ತರಗತಿಯ ಒಬ್ಬ ಬಾಲಕ.

ಪ್ರಶ್ನೆಯ ಪ್ರಸಂಗ

2025ನೆಯ ಇಸವಿಯ ಮೇ ತಿಂಗಳಲ್ಲಿ, ಯೂರೋಪಿನ ಮೊನಾಕೊ ಎಂಬ ಪುಟ್ಟ ರಾಜ್ಯದ ಬೀದಿಗಳಲ್ಲಿ ನಡೆದ ಫಾರ್ಮುಲಾ 2 ಪಂದ್ಯದ ಕಿರುಓಟವನ್ನು ಬೆಂಗಳೂರಿನ ತರುಣ ಕುಶ್ ಮೈನಿಯವರು ಗೆದ್ದರು. ಆ ದರ್ಜೆಯ ಪಂದ್ಯದಲ್ಲಿ ಅಲ್ಲಿ ಗೆದ್ದ ಮೊದಲ ಭಾರತೀಯರು ಅವರೇ. ಆ ಓಟದ ಚಿತ್ರಗಳನ್ನು ಮನೆಯಲ್ಲಿ ನೋಡಿಕೊಂಡಿದ್ದ ನಮ್ಮ ಬಾಲಕ, ಶಾಲೆ ಪುನರಾರಂಭವಾದ ಮೇಲೆ, ಒಂದು ದಿನ ವ್ಯಾಕರಣದ ಪಾಠ ಮುಗಿಯುತ್ತಿದ್ದಂತೆ ಎದ್ದುನಿಂತು, “ಗುರುಗಳೇ, ಹಕ್ಕಿಗೆ ರೆಕ್ಕೆ ಇರುವುದು ಹಾರುವುದಕ್ಕೆ. ಓಡುವ ಕಾರಿಗೆ ರೆಕ್ಕೆ ಏಕೆ? ಅದೂ ಒಮ್ಮೆ ತೆರೆಯುತ್ತದೆ, ಒಮ್ಮೆ ಮುಚ್ಚುತ್ತದೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು?” ಎಂದು ಕೇಳಿದ.

ಉತ್ತರ ನನಗೆ ತಿಳಿದಿರಲಿಲ್ಲ. ತಿಳಿಯದುದನ್ನು ತಿಳಿದಂತೆ ನಟಿಸುವುದು ಗುರುಪೀಠಕ್ಕೆ ಒಪ್ಪುವ ಮಾತಲ್ಲವಾದುದರಿಂದ, “ನಾಳೆ ಹೇಳುತ್ತೇನಪ್ಪ” ಎಂದೆ. ಆ ನಾಳೆ ಬರಲು ಮೂರು ವಾರಗಳೇ ಹಿಡಿದವು. ನಮ್ಮ ವಿಜ್ಞಾನದ ಉಪಾಧ್ಯಾಯರ ಮಗ್ಗುಲಲ್ಲಿ ಕುಳಿತು, ಅವರು ಹೇಳಿಕೊಟ್ಟ ಲೆಕ್ಕಗಳನ್ನು ಬರೆದುಕೊಂಡು, ಕಲಿತದ್ದನ್ನು ನನ್ನ ಭಾಷೆಗೆ ತಂದುಕೊಂಡೆ. ಅದನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ತಲೆಕೆಳಗಾದ ರೆಕ್ಕೆ

ಮೊದಲು ತಿಳಿಯಬೇಕಾದುದು ಇದು: ಪಂದ್ಯದ ವಾಹನದ ರೆಕ್ಕೆ ವಿಮಾನದ ರೆಕ್ಕೆಯೇ ಹೌದು, ಆದರೆ ತಲೆಕೆಳಗಾದದ್ದು. ವಿಮಾನದ ರೆಕ್ಕೆ ತನ್ನ ಮೇಲೆ ಹಾದುಹೋಗುವ ಗಾಳಿಯ ಪ್ರವಾಹವನ್ನು ಕೆಳಕ್ಕೆ ತಿರುಗಿಸುತ್ತದೆ. ಆ ಕ್ರಿಯೆಗೆ ಪ್ರತಿಯಾಗಿ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಪಂದ್ಯದ ವಾಹನದ ರೆಕ್ಕೆಯಾದರೋ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಅದಕ್ಕೆ ಪ್ರತಿಯಾಗಿ ಗಾಳಿಯು ವಾಹನವನ್ನು ನೆಲಕ್ಕೆ ಒತ್ತುತ್ತದೆ. ವಿಮಾನಕ್ಕೆ ನೆಲವನ್ನು ಬಿಡುವುದು ಬೇಕು, ಇದಕ್ಕೆ ನೆಲವನ್ನು ಕಚ್ಚುವುದು ಬೇಕು.

ಕಚ್ಚುವುದೇಕೆ? ಗಾಲಿಗೂ ನೆಲಕ್ಕೂ ನಡುವಣ ಹಿಡಿತವು, ಗಾಲಿಯ ಮೇಲೆ ಬಿದ್ದ ಒತ್ತಡವನ್ನು ಅನುಸರಿಸಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹಿಡಿತ ಹೆಚ್ಚಿದಷ್ಟೂ ತಿರುವಿನಲ್ಲಿ ಜಾರದೆ ಹೆಚ್ಚಿನ ವೇಗದಲ್ಲಿ ಹೊರಳಬಹುದು.

ಕೃಷ್ಣರಾಜನಗರದ ಕಾವೇರಿ ಬಯಲಿನಲ್ಲಿ ಭತ್ತದ ಗದ್ದೆಯನ್ನು ಸಮಮಾಡುವುದನ್ನು ಕಂಡವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಎತ್ತುಗಳ ಹಿಂದೆ ಅಗಲವಾದ ಹಲಗೆಯೊಂದನ್ನು ಕಟ್ಟಿ ಕೆಸರಿನ ಮೇಲೆ ಎಳೆಸುತ್ತಾರೆ. ಮಣ್ಣು ಉಬ್ಬಿದ ಕಡೆ ರೈತನು ಹಲಗೆಯ ಮೇಲೆ ತಾನೇ ನಿಂತು ಭಾರ ಹಾಕುತ್ತಾನೆ. ಹಲಗೆ ಮಣ್ಣನ್ನು ಕಚ್ಚುತ್ತದೆ, ಎತ್ತುಗಳ ಕುತ್ತಿಗೆ ಬಿಗಿಯುತ್ತದೆ. ತಗ್ಗಿನ ಕಡೆ ಬಂದೊಡನೆ ಕೆಳಗಿಳಿದು ಹಲಗೆಯನ್ನು ಹಗುರಮಾಡುತ್ತಾನೆ. ಎತ್ತುಗಳು ಸರಾಗವಾಗಿ ಮುಂದೆ ಹೋಗುತ್ತವೆ. ಸದಾ ಹಲಗೆಯ ಮೇಲೆಯೇ ನಿಂತರೆ ಎತ್ತು ಸೋಲುತ್ತದೆ. ಎಂದೂ ನಿಲ್ಲದಿದ್ದರೆ ಗದ್ದೆ ಸಮವಾಗದು. ಬೇಕಾದಾಗ ಭಾರ, ಬೇಡದಾಗ ಹಗುರ ಎಂಬುದೇ ಆ ಕಾಯಕದ ಗುಟ್ಟು. ಮಣಿಯುವ ರೆಕ್ಕೆಯ ಗುಟ್ಟೂ ಇದೇ.

ಆದರೆ ಉಪಮಾನವು ಎಲ್ಲಿಯವರೆಗೆ ಸಲ್ಲುತ್ತದೆಯೋ ಅಲ್ಲಿಯವರೆಗೆ ಮಾತ್ರ ಅದನ್ನು ಕೊಂಡೊಯ್ಯಬೇಕು. ರೈತನು ಹಲಗೆಯೇರಿದಾಗ ಒತ್ತಡದೊಡನೆ ಅವನ ಶರೀರದ ದ್ರವ್ಯರಾಶಿಯೂ ಸೇರುತ್ತದೆ. ಮೋಟಾರಿನಲ್ಲಿ ನಾಲ್ಕು ಮೂಟೆ ರಾಗಿ ಹೇರಿದರೆ ಗಾಲಿಯ ಮೇಲಣ ಒತ್ತಡವೇನೋ ಹೆಚ್ಚುತ್ತದೆ. ಆದರೆ ತಿರುವಿನಲ್ಲಿ ಹೊರಳಿಸಬೇಕಾದ ಭಾರವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಬಿಡುವುದರಿಂದ ಲಾಭವೇನೂ ಇಲ್ಲ. ಗಾಳಿಯ ಒತ್ತಡದ ವಿಶೇಷವೆಂದರೆ ಅದಕ್ಕೆ ಒತ್ತುವ ಬಲವುಂಟು, ಹೊರಬೇಕಾದ ಮೂಟೆಯಿಲ್ಲ. 100 ಮೀಟರು ತ್ರಿಜ್ಯವುಳ್ಳ ಸಮತಟ್ಟಾದ ತಿರುವೊಂದನ್ನು ಊಹಿಸಿ, ಗಾಲಿಯ ಹಿಡಿತವು ಅದರ ಮೇಲಣ ಒತ್ತಡಕ್ಕೆ ಸಮವೆಂದು ಹಿಡಿಯೋಣ. ರೆಕ್ಕೆಯಿಲ್ಲದ ವಾಹನ ಅಲ್ಲಿ ಗಂಟೆಗೆ ಸುಮಾರು 113 ಕಿಲೋಮೀಟರಿಗಿಂತ ವೇಗವಾಗಿ ಹೋದರೆ ಜಾರುತ್ತದೆ. ಅದರ ತೂಕದಷ್ಟೇ ಒತ್ತಡವನ್ನು ಗಾಳಿಯೂ ಸೇರಿಸಿದರೆ ಅದೇ ವಾಹನ 159 ಕಿಲೋಮೀಟರಿನವರೆಗೆ ಜಾರದೆ ಹೊರಳಬಲ್ಲದು.

ಗಾಳಿ ಕೇಳುವ ಸುಂಕ

ಲೋಕದಲ್ಲಿ ಯಾವ ಲಾಭವೂ ಬಿಟ್ಟಿಯಾಗಿ ದೊರೆಯುವುದಿಲ್ಲ. ಗಾಳಿಯನ್ನು ಮೇಲಕ್ಕೆ ತಿರುಗಿಸಿದ ತಪ್ಪಿಗೆ ಗಾಳಿಯು ವಾಹನವನ್ನು ಹಿಂದಕ್ಕೂ ಎಳೆಯುತ್ತದೆ. ಓರೆಯಾಗಿ ನಿಂತ ರೆಕ್ಕೆ ಗಾಳಿಗೆ ಅಡ್ಡವಾಗುತ್ತದೆ. ರೆಕ್ಕೆಯ ಎರಡು ತುದಿಗಳಲ್ಲಿ ಗಾಳಿ ಸುಳಿಸುಳಿಯಾಗಿ ಹೊರಳುತ್ತದೆ. ಆ ಸುಳಿಗಳನ್ನು ಎಬ್ಬಿಸುವ ಶಕ್ತಿಯೂ ಯಂತ್ರದ ಗಂಟಿನಿಂದಲೇ ಹೋಗಬೇಕು. ಈ ಹಿನ್ನೆಳೆತಕ್ಕೆ ವಾಯುರೋಧವೆಂದು ಹೆಸರಿಡಬಹುದು.

ವಾಯುರೋಧದ ನಿಯಮ ಬಹು ಕಠೋರವಾದುದು. ವೇಗ ಇಮ್ಮಡಿಯಾದರೆ ರೋಧ ನಾಲ್ಮಡಿಯಾಗುತ್ತದೆ. ಆ ರೋಧವನ್ನು ಗೆಲ್ಲಲು ಬೇಕಾದ ಯಂತ್ರಶಕ್ತಿ ಎಂಟುಮಡಿಯಾಗುತ್ತದೆ. ವೇಗದ ವರ್ಗವನ್ನು ರೋಧವೂ, ವೇಗದ ಘನವನ್ನು ಶಕ್ತಿಯೂ ಅನುಸರಿಸುತ್ತವೆಂಬುದು ಇದರ ತಾತ್ಪರ್ಯ.

ಒಂದು ಲೆಕ್ಕವನ್ನು ಮಾಡಿನೋಡೋಣ. ರೋಧವೆಂದರೆ ಗಾಳಿಯ ಸಾಂದ್ರತೆಯ ಅರ್ಧ, ವೇಗದ ವರ್ಗ, ವಾಹನದ ಎದುರುಗಾತ್ರ ಮತ್ತು ಅದರ ಆಕಾರಕ್ಕೆ ತಕ್ಕ ರೋಧಾಂಕ ಇವುಗಳ ಗುಣಲಬ್ಧ. ಒಂದು ಘನಮೀಟರು ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಎದುರುಗಾತ್ರವನ್ನೂ ರೋಧಾಂಕವನ್ನೂ ಗುಣಿಸಿದ ಫಲವು ರೆಕ್ಕೆ ಮುಚ್ಚಿದಾಗ 1.5 ಚದರ ಮೀಟರು, ತೆರೆದಾಗ 1.2 ಚದರ ಮೀಟರು ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಮುಚ್ಚಿದ ರೆಕ್ಕೆಯ ವಾಹನವನ್ನು ಗಾಳಿಯು 6250 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಎಂದರೆ ಆರು ಕ್ವಿಂಟಲಿಗೆ ಮಿಕ್ಕ ತೂಕವನ್ನು ಹಗ್ಗ ಕಟ್ಟಿ ಜೋತುಬಿಟ್ಟಂತೆ. ಅದನ್ನು ಗೆಲ್ಲಲು ಸುಮಾರು 700 ಅಶ್ವಶಕ್ತಿ ಬೇಕು. ರೆಕ್ಕೆಯನ್ನು ತೆರೆದಾಗ ಎಳೆತ 5000 ನ್ಯೂಟನ್ನಿಗೆ ಇಳಿಯುತ್ತದೆ. 560 ಅಶ್ವಶಕ್ತಿ ಸಾಕಾಗುತ್ತದೆ. ಉಳಿದ 140 ಅಶ್ವಶಕ್ತಿ ವಾಹನವನ್ನು ಮುಂದಕ್ಕೆ ನೂಕಲು ದೊರೆಯುತ್ತದೆ.

ಹಾಗಾದರೆ ವೇಗ ಎಲ್ಲಿಯವರೆಗೆ ಏರೀತು? ಶಕ್ತಿಯು ವೇಗದ ಘನವನ್ನು ಅನುಸರಿಸುವುದರಿಂದ ಘನಮೂಲವನ್ನು ತೆಗೆಯಬೇಕು. ಹಾಗೆ ತೆಗೆದರೆ 300 ಕಿಲೋಮೀಟರಿನ ಗರಿಷ್ಠವೇಗವು 323ಕ್ಕೆ ಏರುತ್ತದೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ರೋಧವನ್ನು ಐದರಲ್ಲಿ ಒಂದು ಪಾಲು ಕಳೆದೆವು. ವೇಗವಾದರೋ ಹದಿಮೂರರಲ್ಲಿ ಒಂದು ಪಾಲು ಮಾತ್ರ ಏರಿತು. ಅದೂ ರಸ್ತೆಯು ಸಾಕಷ್ಟು ಉದ್ದವಾಗಿ ನೇರವಾಗಿದ್ದರೆ. ನೇರದಾರಿ ಗಿಡ್ಡದಾದರೆ ಪೂರ್ಣಫಲ ಕೈಸೇರುವ ಮೊದಲೇ ತಿರುವು ಎದುರಾಗುತ್ತದೆ. ಆದುದರಿಂದಲೇ ರೆಕ್ಕೆಯ ಲಾಭವು ಎಲ್ಲ ಪಥಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೊನಾಕೊದಂತಹ ಇಕ್ಕಟ್ಟಾದ, ತಿರುವುಗಳಿಂದಲೇ ತುಂಬಿದ ಬೀದಿಗಳಲ್ಲಿ ಎಲ್ಲರೂ ರೆಕ್ಕೆಗಳನ್ನು ಕಡಿದಾಗಿ ನಿಲ್ಲಿಸಿ ಹಿಡಿತವನ್ನೇ ನೆಚ್ಚುತ್ತಾರೆ. ಇಟಲಿಯ ಮೋಂಜಾದಂತಹ ನೀಳಪಥದಲ್ಲಿ ರೆಕ್ಕೆಗಳನ್ನು ಆದಷ್ಟು ಮಲಗಿಸಿ ವೇಗವನ್ನು ನೆಚ್ಚುತ್ತಾರೆ.

ಸ್ಥಾವರವಾದ ರೆಕ್ಕೆಯ ಇಕ್ಕಟ್ಟು ಇದೇ. ತಿರುವಿಗೆಂದು ನಿಲ್ಲಿಸಿದರೆ ನೇರದಾರಿಯಲ್ಲಿ ಸೋಲು. ನೇರದಾರಿಗೆಂದು ಮಲಗಿಸಿದರೆ ತಿರುವಿನಲ್ಲಿ ಸೋಲು. ಪಥವೊಂದರಲ್ಲಿ ಎರಡೂ ಇದ್ದೇ ಇರುತ್ತವೆ. ರೆಕ್ಕೆ ಜಂಗಮವಾದರೆ ಮಾತ್ರ ಎರಡನ್ನೂ ಗೆಲ್ಲಬಹುದು. ಕಬಿನಿಯ ಹಿನ್ನೀರಿನ ಮೇಲೆ ಸುತ್ತುವ ಗರುಡಪಕ್ಷಿ ಇದನ್ನು ಮನುಷ್ಯನಿಗಿಂತ ಬಹು ಮೊದಲೇ ಅರಿತಿದೆ. ತೇಲುವಾಗ ರೆಕ್ಕೆಯನ್ನು ಹರಡುತ್ತದೆ. ಮೀನಿನ ಮೇಲೆ ಎರಗುವಾಗ ಮಡಿಚುತ್ತದೆ. ಕೊಂಬೆಯ ಮೇಲೆ ಇಳಿಯುವಾಗ ಗಾಳಿಗೆ ಅಡ್ಡವಾಗಿ ನಿಲ್ಲಿಸುತ್ತದೆ.

ರೆಕ್ಕೆ ನಡೆದು ಬಂದ ದಾರಿ

1956ರಲ್ಲಿ ಮೈಕೆಲ್ ಮೇ ಎಂಬ ತರುಣ ಎಂಜಿನಿಯರು ತನ್ನ ಪೋರ್ಷೆ ವಾಹನದ ನೆತ್ತಿಯ ಮೇಲೆ ಓರೆ ಬದಲಾಯಿಸಬಹುದಾದ ರೆಕ್ಕೆಯೊಂದನ್ನು ಕಟ್ಟಿಕೊಂಡು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥಕ್ಕೆ ಬಂದ. ಅಧಿಕಾರಿಗಳು ಅದರೊಡನೆ ಸ್ಪರ್ಧಿಸಲು ಅವನಿಗೆ ಅನುಮತಿ ಕೊಡಲಿಲ್ಲ. ಹತ್ತು ವರ್ಷಗಳ ತರುವಾಯ, 1966ರಲ್ಲಿ, ಅಮೆರಿಕದ ಜಿಮ್ ಹಾಲ್ ಎಂಬವರು ತಮ್ಮ ಚಾಪರಲ್ 2ಈ ವಾಹನದಲ್ಲಿ ಎತ್ತರವಾದ ಕಂಬಗಳ ಮೇಲೆ ರೆಕ್ಕೆಯನ್ನು ನಿಲ್ಲಿಸಿದರು. ಗೇರುಗಳನ್ನು ಬದಲಾಯಿಸಲು ಎಡಗಾಲಿನ ಕೆಲಸ ಬೇಡವಾಗಿದ್ದ ಆ ವಾಹನದಲ್ಲಿ, ಚಾಲಕನು ಎಡಗಾಲಿನಿಂದ ಪೆಡಲೊಂದನ್ನು ಒತ್ತಿದರೆ ರೆಕ್ಕೆ ಮಲಗುತ್ತಿತ್ತು. ಕಾಲು ತೆಗೆದರೆ ಮತ್ತೆ ಕಡಿದಾಗಿ ನಿಲ್ಲುತ್ತಿತ್ತು. ನೇರದಾರಿಯಲ್ಲಿ ಒತ್ತುವುದು, ತಿರುವಿನಲ್ಲಿ ಬಿಡುವುದು. ಗದ್ದೆಯ ಹಲಗೆಯನ್ನು ಏರಿ ಇಳಿಯುವ ರೈತನ ಪಾದವೇ ಅಲ್ಲಿ ಕೆಲಸಮಾಡುತ್ತಿದ್ದಿತು.

1968ರ ಹೊತ್ತಿಗೆ ಫಾರ್ಮುಲಾ 1 ಪಂದ್ಯದ ವಾಹನಗಳೂ ರೆಕ್ಕೆ ತಳೆದವು. ಪೈಪೋಟಿಯ ಭರದಲ್ಲಿ ರೆಕ್ಕೆಗಳು ಎತ್ತರಕ್ಕೇರಿದವು, ಅವುಗಳನ್ನು ಹೊತ್ತ ಕಂಬಗಳು ತೆಳುವಾಗಿಯೇ ಉಳಿದವು. 1969ರ ಮೇ 4ರಂದು ಸ್ಪೇನಿನ ಬಾರ್ಸಿಲೋನಾದ ಮೊಂಜುಯಿಕ್ ಪಥದಲ್ಲಿ ಗ್ರಹಾಂ ಹಿಲ್ ಮತ್ತು ಯೋಖೆನ್ ರಿಂಟ್ ಎಂಬ ಇಬ್ಬರು ಚಾಲಕರ ವಾಹನಗಳ ಹಿಂದಿನ ರೆಕ್ಕೆಗಳು ಒಂದಾದಮೇಲೊಂದರಂತೆ ಮುರಿದುಬಿದ್ದು, ವಾಹನಗಳು ಅಂಚಿನ ತಡೆಗೆ ಅಪ್ಪಳಿಸಿದವು. ರಿಂಟ್ ಗಾಯಗೊಂಡರು. ಅದೇ ತಿಂಗಳು ಮೊನಾಕೊದಲ್ಲಿ ಎತ್ತರದ ರೆಕ್ಕೆಗಳನ್ನು ನಿಷೇಧಿಸಲಾಯಿತು. ಚಲಿಸುವ ರೆಕ್ಕೆಗಳಿಗೂ ತಡೆಬಿತ್ತು. ಮುಂದೆ ಗಿಡ್ಡನೆಯ, ಭದ್ರವಾಗಿ ಬಿಗಿದ ರೆಕ್ಕೆಗಳಿಗೆ ಮಾತ್ರ ಎಡೆಯಾಯಿತು. ಓಡುತ್ತಿರುವಾಗ ಚಾಲಕನೇ ರೆಕ್ಕೆಯನ್ನು ಮಣಿಸುವ ವಿದ್ಯೆ ಆ ಪಂದ್ಯಗಳಿಂದ ನಾಲ್ಕು ದಶಕಗಳ ಕಾಲ ದೂರವೇ ಉಳಿಯಿತು.

ಅದು ಮರಳಿ ಬಂದದ್ದು 2009ರಲ್ಲಿ ಮುಂದಿನ ರೆಕ್ಕೆಯ ಅಲ್ಪಸ್ವಲ್ಪ ಚಲನೆಯ ರೂಪದಲ್ಲಿ. 2011ರಲ್ಲಿ ಹಿಂದಿನ ರೆಕ್ಕೆಯ ತೆರೆಯುವಿಕೆಯ ರೂಪದಲ್ಲಿ. ಈ ಎರಡನೆಯದಕ್ಕೇ ಡಿಆರ್‌ಎಸ್ ಎಂಬ ಮೂರಕ್ಷರದ ಹೆಸರು. ನಮ್ಮ ಬಾಲಕನು ಕಂಡದ್ದು ಇದನ್ನೇ. ಅದೇ ವರ್ಷ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಪಥದಲ್ಲಿ ಭಾರತದ ಮೊದಲ ಫಾರ್ಮುಲಾ 1 ಪಂದ್ಯ ನಡೆದಾಗ ನಮ್ಮ ದೇಶದ ಪ್ರೇಕ್ಷಕರೂ ಇದನ್ನು ಕಣ್ಣಾರೆ ಕಂಡರು. 2013ರವರೆಗೆ ಮೂರು ವರ್ಷ ಆ ಪಂದ್ಯ ಅಲ್ಲಿ ನಡೆಯಿತು.

ತೆರೆಯುವ ಬಗೆ, ತೆರೆಯುವ ಕಟ್ಟಳೆ

ಹಿಂದಿನ ರೆಕ್ಕೆಯಲ್ಲಿ ಎರಡು ಪಟ್ಟಿಗಳಿರುತ್ತವೆ. ಕೆಳಗಿನದು ಬಿಗಿಯಾದದ್ದು. ಮೇಲಿನದು ಕೀಲಿನ ಮೇಲೆ ತಿರುಗುವುದು. ಅದನ್ನು ರೆಪ್ಪೆಯೆಂದು ಕರೆಯೋಣ. ರೆಪ್ಪೆ ಮುಚ್ಚಿರುವಾಗ ಎರಡೂ ಸೇರಿ ಒಂದೇ ಕಡಿದಾದ ರೆಕ್ಕೆಯಂತೆ ವರ್ತಿಸಿ ಗಾಳಿಯನ್ನು ಮೇಲಕ್ಕೆ ಎಸೆಯುತ್ತವೆ. ಚಾಲಕನು ಚುಕ್ಕಾಣಿಯ ಮೇಲಣ ಗುಂಡಿಯನ್ನು ಒತ್ತಿದರೆ ರೆಪ್ಪೆಯ ಮುಂದಂಚು ಮೇಲೆದ್ದು, ನಡುವೆ ಸಂದಿ ಬಿಡುತ್ತದೆ. ರೆಪ್ಪೆ ಗಾಳಿಗೆ ಮಟ್ಟಸವಾಗಿ ಮಲಗುತ್ತದೆ. ಕಣದಲ್ಲಿ ಮೊರವನ್ನು ಗಾಳಿಗೆ ಅಡ್ಡಹಿಡಿದವನು ಅದರ ಅಂಚನ್ನು ಗಾಳಿಗೆ ತಿರುಗಿಸಿದಂತೆ. ಒತ್ತಡವೂ ಸುಳಿಗಳೂ ರೋಧವೂ ಒಟ್ಟಿಗೆ ಇಳಿಯುತ್ತವೆ. ಈ ಸಂದಿಯ ಮಿತಿ ಫಾರ್ಮುಲಾ 1ರಲ್ಲಿ ಮೊದಲು 50 ಮಿಲಿಮೀಟರು ಇದ್ದದ್ದು 2014ರಲ್ಲಿ 65ಕ್ಕೂ 2019ರಲ್ಲಿ 85ಕ್ಕೂ ಏರಿತು. ನಾಲ್ಕು ಬೆರಳಗಲದ ಆ ಸಂದಿಯಲ್ಲಿ ಅಷ್ಟು ವೇಗ ಅಡಗಿತ್ತೆಂಬುದು ಆಶ್ಚರ್ಯವೇ ಸರಿ.

ಇದನ್ನು ಮನಬಂದಾಗ ತೆರೆಯುವಂತಿರಲಿಲ್ಲ. ಓಟದಲ್ಲಿ, ಗೊತ್ತುಪಡಿಸಿದ ಜಾಗದಲ್ಲಿ ಅಳೆದಾಗ, ಮುಂದಿನ ವಾಹನಕ್ಕಿಂತ ಒಂದು ಸೆಕೆಂಡಿನೊಳಗೆ ಹಿಂದಿರುವವನಿಗೆ ಮಾತ್ರ, ಗೊತ್ತುಪಡಿಸಿದ ನೇರದಾರಿಯಲ್ಲಿ ಮಾತ್ರ ತೆರೆಯುವ ಅಧಿಕಾರ. 300 ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡೆಂದರೆ 83 ಮೀಟರು. ಮುಂದಿರುವವನಿಗೆ ಈ ಸೌಲಭ್ಯವಿರಲಿಲ್ಲ.

ಹಿಂದಿರುವವನಿಗೇ ಏಕೆ ಈ ದಾಕ್ಷಿಣ್ಯ? ಕಣದಲ್ಲಿ ರಾಗಿ ತೂರುವವರನ್ನು ಕೇಳಿದರೆ ಅವರೇ ಉತ್ತರ ಹೇಳುತ್ತಾರೆ. ಗಾಳಿ ಬರುವ ದಿಕ್ಕಿಗೆ ಒಬ್ಬನು ಅಡ್ಡನಿಂತರೆ ಅವನ ಹಿಂದೆ ನಿಂತವನ ಮೊರಕ್ಕೆ ಗಾಳಿ ಸಿಕ್ಕುವುದಿಲ್ಲ. ಸಿಕ್ಕಿದರೂ ಅದು ಒಡೆದ ಗಾಳಿ. ಹಾಗೆಯೇ ಮುಂದಿನ ವಾಹನ ಗಾಳಿಯನ್ನು ಕಲಕಿ ಬಿಟ್ಟುಹೋಗುತ್ತದೆ. ಆ ಕಲಕಿದ ಗಾಳಿಯಲ್ಲಿ ಹಿಂದಿನವನ ರೆಕ್ಕೆಗಳಿಗೆ ಒತ್ತಡ ಸಾಲದೆ, ತಿರುವುಗಳಲ್ಲಿ ಅವನು ಜಾರುತ್ತಾನೆ. ಎಷ್ಟು ಸಮರ್ಥನಾದರೂ ಹತ್ತಿರ ಉಳಿಯಲಾರ. ಆ ನಷ್ಟಕ್ಕೆ ಪರಿಹಾರವಾಗಿ ನೇರದಾರಿಯಲ್ಲಿ ಅವನಿಗೊಂದು ಅನುಕೂಲವನ್ನು ಕೊಟ್ಟರು. ಇದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಪಂದ್ಯಪ್ರಿಯರಲ್ಲಿ ವರ್ಷಗಟ್ಟಲೆ ನಡೆಯಿತು.

2026ರ ನಿಯಮಾವಳಿ ಫಾರ್ಮುಲಾ 1ರಲ್ಲಿ ಈ ಕಟ್ಟಳೆಯನ್ನು ಬದಲಾಯಿಸಿತು. ಅದರ ಪ್ರಕಾರ ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ ಎರಡೂ ಮಣಿಯುತ್ತವೆ. ಗೊತ್ತುಪಡಿಸಿದ ನೇರದಾರಿಗಳಲ್ಲಿ, ಮುಂದಿರುವವನು ಹಿಂದಿರುವವನು ಎಂಬ ಭೇದವಿಲ್ಲದೆ, ಎಲ್ಲರೂ ಅವನ್ನು ಮಲಗಿಸಬಹುದು. ಹಿಂದೊಂದನ್ನೇ ಮಲಗಿಸಿದರೆ ಮುಂದಿನ ಗಾಲಿಗಳ ಮೇಲೆ ಒತ್ತಡ ಉಳಿದು, ಹಿಂದಿನ ಗಾಲಿಗಳು ಹಗುರವಾಗಿ ಸಮತೂಕ ಕೆಡುತ್ತದೆ; ಎರಡನ್ನೂ ಒಟ್ಟಿಗೆ ಮಲಗಿಸಿದರೆ ತಕ್ಕಡಿಯ ಎರಡು ತಟ್ಟೆಗಳಿಂದಲೂ ಭಾರ ತೆಗೆದಂತಾಗುತ್ತದೆ. ಹಿಂದಿನವನ ಅನುಕೂಲಕ್ಕೆ ರೆಕ್ಕೆಯ ಬದಲು ವಿದ್ಯುಚ್ಛಕ್ತಿಯ ಹೆಚ್ಚುವರಿ ನೆರವನ್ನು ಗೊತ್ತುಮಾಡಿದ್ದಾರೆ.

ಮುಚ್ಚುವುದೇ ಮುಖ್ಯ

ತೆರೆಯುವುದು ಎಷ್ಟು ಲಾಭಕರವೋ ಸಕಾಲದಲ್ಲಿ ಮುಚ್ಚುವುದು ಅದಕ್ಕಿಂತ ಹೆಚ್ಚು ಅವಶ್ಯಕ. ಚಾಲಕನು ಬ್ರೇಕು ಒತ್ತಿದೊಡನೆ ರೆಪ್ಪೆ ಮುಚ್ಚುವಂತೆ ಡಿಆರ್‌ಎಸ್‌ನಲ್ಲಿ ಏರ್ಪಾಡು ಮಾಡಿರುತ್ತಾರೆ. 2018ರಲ್ಲಿ ಮೋಂಜಾದ ಅಭ್ಯಾಸದ ಓಟದಲ್ಲಿ ಮಾರ್ಕಸ್ ಎರಿಕ್ಸನ್ ಎಂಬ ಸ್ವೀಡನ್ನಿನ ಚಾಲಕನ ವಾಹನದಲ್ಲಿ ರೆಪ್ಪೆ ಮುಚ್ಚಲಿಲ್ಲ. ನೇರದಾರಿಯ ತುದಿಯಲ್ಲಿ ಬ್ರೇಕು ಹಾಕಿದಾಗ ಹಿಂದಿನ ಗಾಲಿಗಳಿಗೆ ಹಿಡಿತವಿಲ್ಲದೆ ವಾಹನ ಹೊರಳಿ, ತಡೆಗೆ ಬಡಿದು, ಗಾಳಿಯಲ್ಲಿ ಪಲ್ಟಿಹೊಡೆಯಿತು. ದೈವಕೃಪೆಯಿಂದಲೂ ವಾಹನದ ಭದ್ರವಾದ ಕಟ್ಟಡದಿಂದಲೂ ಅವರು ಪಾರಾದರು. ಒಂದು ಕೀಲು ಮರಳಿ ತನ್ನ ಸ್ಥಾನಕ್ಕೆ ಬಾರದಿದ್ದರೆ ಅಷ್ಟು ಅನರ್ಥ.

ವಿಜ್ಞಾನವು ಇಲ್ಲಿ ಒಂದು ನೀತಿಯನ್ನೂ ಹೇಳುತ್ತಿರುವಂತೆ ನನಗೆ ತೋರಿತು. ಜಿಮ್ ಹಾಲರ ಪೆಡಲಿನಿಂದ ಕಾಲು ತೆಗೆದರೆ ರೆಕ್ಕೆ ಹಿಡಿತದ ಸ್ಥಿತಿಗೆ ತಾನಾಗಿಯೇ ಮರಳುತ್ತಿತ್ತು. ಬ್ರೇಕು ಒತ್ತಿದರೆ ಇಂದಿನ ರೆಪ್ಪೆಯೂ ಹಿಡಿತದ ಸ್ಥಿತಿಗೇ ಮರಳಬೇಕು. ಸಂಯಮವೇ ಸಹಜಸ್ಥಿತಿ, ವೇಗವು ಪ್ರಯತ್ನಪೂರ್ವಕವಾಗಿ ಕೆಲಕಾಲ ಪಡೆಯತಕ್ಕದ್ದು ಎಂದು ಯಂತ್ರ ಕಟ್ಟಿದವರು ತೀರ್ಮಾನಿಸಿದಂತಿದೆ.

ಹೆಸರಿನ ಜಿಜ್ಞಾಸೆ

ಬಾಲಕನ ಎರಡನೆಯ ಪ್ರಶ್ನೆ ಹೆಸರಿನದು. ಅದು ನನ್ನ ಕ್ಷೇತ್ರವೆಂದು ಸ್ವಲ್ಪ ಹೆಮ್ಮೆಯಿಂದಲೇ ಹೊರಟೆ. ನೆಲಕ್ಕೆ ಒತ್ತುವ ಆ ಬಲಕ್ಕೆ “ಅವನಮನಬಲ” ಎಂದು ಹೆಸರಿಟ್ಟು, ಧಾತು ಉಪಸರ್ಗಗಳನ್ನು ಬಿಡಿಸಿ ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ವಿನಯದಿಂದ ಬರೆದುಕೊಂಡರು. ಆದರೆ ಮರುದಿನ ವಿವರಿಸಿರೆಂದಾಗ ಒಬ್ಬನ ಬಾಯಲ್ಲೂ ಆ ಶಬ್ದ ಹೊರಳಲಿಲ್ಲ. ಕಡೆಗೆ ಅದೇ ಬಾಲಕ ಎದ್ದು, “ಎತ್ತಿದರೆ ಎತ್ತುಗೆ, ಒತ್ತಿದರೆ ಒತ್ತುಗೆ ಅನ್ನಬಹುದೇ ಗುರುಗಳೇ?” ಎಂದ. ಕೃದಂತದ ಪಾಠವನ್ನು ಅವನಿಗೆ ಹೇಳಿಕೊಟ್ಟವನು ನಾನೇ. ನನ್ನ ಶಬ್ದವನ್ನು ನಾನೇ ಅಳಿಸಿ, ಅವನದನ್ನು ಬರೆದೆ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಬಾರದೆಂಬ ಮಾತು ನಮ್ಮ ಪೋಷಕರಲ್ಲಿ ಈಗೀಗ ಬಲವಾಗಿ ಬೇರೂರುತ್ತಿದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ “ವಿಜ್ಞಾನ” ಎಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಪಂಪಭಾರತವನ್ನು ಸಂಪಾದಿಸಿದವರೂ ಅದೇ ವೆಂಕಟನಾರಣಪ್ಪನವರು. ಭೌತಶಾಸ್ತ್ರವೂ ಹಳಗನ್ನಡವೂ ಅವರ ಮೇಜಿನ ಮೇಲೆ ಜಗಳವಾಡದೆ ಕುಳಿತಿದ್ದವು. ಅಂತಹವರು ಉತ್ತ ನೆಲದಲ್ಲಿ ನಾವು ಬಿತ್ತಲಾರದೆ ಹೋದರೆ ಅದು ನೆಲದ ದೋಷವಲ್ಲ.

ಇನ್ನು ಈ ವಾಯುವಿದ್ಯೆ ನಮ್ಮ ನಾಡಿಗೆ ದೂರದ್ದೆಂದೂ ತಿಳಿಯಬೇಕಾಗಿಲ್ಲ. ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯಲ್ಲಿ, 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ 1942ರಲ್ಲಿಯೇ ಪ್ರಾರಂಭವಾಯಿತು. ಬೆಂಗಳೂರಿನದೇ ಆದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಶಬ್ದದ ವೇಗಕ್ಕಿಂತ ನಾಲ್ಮಡಿ ವೇಗದವರೆಗೆ ಗಾಳಿಯನ್ನು ಹರಿಸಬಲ್ಲ ವಾಯುಸುರಂಗ 1967ರಿಂದ ಕೆಲಸಮಾಡಿದೆ. ಸುರಂಗದಲ್ಲಿ ರೆಕ್ಕೆಯನ್ನು ನಿಲ್ಲಿಸಿ, ಗಾಳಿಯನ್ನು ಓಡಿಸಿ, ಎತ್ತುಗೆ ಎಷ್ಟು, ರೋಧ ಎಷ್ಟು ಎಂದು ತೂಗುತ್ತಾರೆ. ಪಂದ್ಯದ ವಾಹನದ ರೆಕ್ಕೆ ರೂಪುಗೊಳ್ಳುವುದೂ ಇಂತಹ ಸುರಂಗಗಳಲ್ಲಿಯೇ. ಅಂದು ಕೊಟ್ಟ ಭೂಮಿಯ ಫಲವನ್ನು ಇಂದು ದೇಶವೇ ಉಣ್ಣುತ್ತಿದೆ. ವಿದ್ಯೆಗೆಂದು ಕೊಟ್ಟ ದಾನ ಎಲ್ಲಿ ಮೊಳೆತು ಎಲ್ಲಿ ಹೂವಾಗುವುದೋ ಹೇಳಲಾಗದೆಂಬುದನ್ನು ನಮ್ಮ ಶಾಲೆಯ ದಾನಿಗಳು ಬಲ್ಲರು.

ನಮ್ಮ ರಸ್ತೆಯ ಮಾತು

ಇಷ್ಟಕ್ಕೆ ಪಾಠ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ಶಾಲೆ ಬಿಟ್ಟು ಕೆಲವೇ ವರ್ಷಗಳಾದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ತನ್ನ ಮೋಟಾರಿನಲ್ಲಿ ಬಂದು ನಮಸ್ಕರಿಸಿದ. ವಾಹನದ ಹಿಂದುಗಡೆ ಅಂಗಡಿಯಲ್ಲಿ ಕೊಂಡ ರೆಕ್ಕೆಯೊಂದನ್ನು ತಗುಲಿಸಿದ್ದ. “ಇದರಿಂದ ಗಾಡಿ ರಸ್ತೆ ಬಿಡುವುದಿಲ್ಲ ಗುರುಗಳೇ, ಎಷ್ಟು ವೇಗಕ್ಕಾದರೂ ಹೋಗಬಹುದು” ಎಂದ.

ನಾನು ಅವನನ್ನು ಜಗುಲಿಯ ಮೇಲೆ ಕೂರಿಸಿ ಲೆಕ್ಕವನ್ನು ಒಪ್ಪಿಸಿದೆ. ಒತ್ತುಗೆಯೂ ವೇಗದ ವರ್ಗವನ್ನೇ ಅನುಸರಿಸುತ್ತದೆ. ಪಂದ್ಯದ ವಾಹನದ ರೆಕ್ಕೆಯೊಂದು 300 ಕಿಲೋಮೀಟರು ವೇಗದಲ್ಲಿ ಐದು ಕ್ವಿಂಟಲು ಒತ್ತಿದರೆ, ಅದೇ ರೆಕ್ಕೆ 60 ಕಿಲೋಮೀಟರು ವೇಗದಲ್ಲಿ ಒತ್ತುವುದು ಅದರ ಇಪ್ಪತ್ತೈದನೆಯ ಒಂದು ಪಾಲು. ಎಂದರೆ 20 ಕಿಲೋಗ್ರಾಂ ಮಾತ್ರ. ಅದೂ ಸುರಂಗದಲ್ಲಿ ತೂಗಿ ಮಾಡಿದ ರೆಕ್ಕೆ. ಅಂಗಡಿಯ ರೆಕ್ಕೆ ಒಂದು ಹೆಣ್ಣುಕೋಳಿಯ ಭಾರದಷ್ಟಾದರೂ ಒತ್ತೀತೆಂಬ ಭರವಸೆಯಿಲ್ಲ. ಆದರೆ ಅದೇ ವರ್ಗದ ನಿಯಮ ಬೇರೊಂದು ಕಡೆಯಲ್ಲಿ ನಮ್ಮ ಮೇಲೆ ತಪ್ಪದೆ ತಿರುಗಿಬೀಳುತ್ತದೆ. 40 ಕಿಲೋಮೀಟರು ವೇಗದ ವಾಹನ ಬ್ರೇಕು ಹಿಡಿದ ಮೇಲೆ ನಿಲ್ಲಲು ಎಷ್ಟು ದೂರ ಬೇಕೋ, 80 ಕಿಲೋಮೀಟರು ವೇಗದ್ದಕ್ಕೆ ಅದರ ನಾಲ್ಕರಷ್ಟು ಬೇಕು. ಮೊನಾಕೊದ ಬೀದಿಯಲ್ಲಿ ಪಂದ್ಯದ ದಿನ ಎದುರಿನಿಂದ ಎತ್ತಿನ ಗಾಡಿ ಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುವುದಿಲ್ಲ. ನಮ್ಮ ಹುಣಸೂರು ರಸ್ತೆಯಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ದಾರಿಯಲ್ಲಿ ಮಕ್ಕಳೂ ದಾಟುತ್ತಾರೆ, ಆನೆಯೂ ದಾಟುತ್ತದೆ.

ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. “ಹಾಗಾದರೆ ಇದು ಬರಿಯ ಅಲಂಕಾರವೇ ಗುರುಗಳೇ?” ಎಂದ. “ಅಲಂಕಾರವಾಗಿರಲಿ ಬಿಡಪ್ಪ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅಲಂಕಾರವನ್ನು ಆಧಾರವೆಂದು ನಂಬಬೇಡ” ಎಂದೆ. ಅಲಂಕಾರಶಾಸ್ತ್ರವನ್ನು ನೆಚ್ಚಿ ಬದುಕಿದವನ ಬಾಯಿಂದ ಆ ಮಾತು ಬಂದುದಕ್ಕೆ ಅವನೂ ನಕ್ಕ, ನಾನೂ ನಕ್ಕೆ. ಆದರೆ ಹೊರಡುವಾಗ ಅವನು ನಿಧಾನವಾಗಿ ಹೋದುದನ್ನು ಗೇಟಿನವರೆಗೂ ನೋಡಿದೆ.

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಮಕ್ಕಳು ವೇಗವಾಗಿ ಓಡಬೇಕೆಂಬುದೇ ನಮ್ಮೆಲ್ಲರ ಅಪೇಕ್ಷೆ. ಅವರನ್ನು ನೆಲಕ್ಕೆ ಅಂಟಿಸಿ ಕೂರಿಸಲು ಯಾರೂ ಶಾಲೆ ಕಟ್ಟುವುದಿಲ್ಲ. ನೇರದಾರಿ ದೊರೆತಾಗ ರೆಕ್ಕೆಯನ್ನು ಮಣಿಸಿ ಮುನ್ನುಗ್ಗುವ ಧೈರ್ಯವೂ, ತಿರುವು ಕಂಡೊಡನೆ ಅದನ್ನು ಮತ್ತೆ ನಿಲ್ಲಿಸಿ ನೆಲವನ್ನು ಕಚ್ಚುವ ವಿವೇಕವೂ ಅವರಿಗೆ ಒಟ್ಟಿಗೆ ಒದಗಲಿ.